ಗಂಗೋತ್ರಿಗೂ ಹೆಬ್ಬಾಳಕ್ಕೂ ನಡುವೆ: ಟೆಕ್ನಿಕಲ್ ರೈಟರ್ ಆಗುವವರಿಗೆ ಸೂತ್ರಗಳು

ಮೈಸೂರಿನ ವಿಜಯನಗರದ ಮನೆಗಳಲ್ಲಿ ಮಕ್ಕಳ ಮುಂದಿನ ದಾರಿಯ ಮಾತು ಬಂದಾಗ ಬೆರಳು ಎರಡೇ ದಿಕ್ಕು ತೋರಿಸುತ್ತದೆ. ದಕ್ಷಿಣಕ್ಕೆ ಹುಣಸೂರು ರಸ್ತೆ ದಾಟಿದರೆ ವಿಶ್ವವಿದ್ಯಾನಿಲಯದ ಗಂಗೋತ್ರಿ: ಭಾಷೆ, ಸಾಹಿತ್ಯ, ಎಂ.ಎ., ಅಲ್ಲೇ ಭಾರತೀಯ ಭಾಷಾ ಸಂಸ್ಥಾನ. ಉತ್ತರಕ್ಕೆ ಹೋದರೆ ಹೆಬ್ಬಾಳ: ಕಾರ್ಖಾನೆಗಳ ಸಾಲು, ಇನ್ಫೋಸಿಸ್ ಕ್ಯಾಂಪಸ್, ಕೋಡ್ ಬರೆಯುವವರು. ಗಂಗೋತ್ರಿಗೆ ಹೋದವರು ಯಂತ್ರ ತಮ್ಮದಲ್ಲ ಅಂದುಕೊಳ್ಳುತ್ತಾರೆ, ಹೆಬ್ಬಾಳಕ್ಕೆ ಹೋದವರು ಬರವಣಿಗೆ ತಮ್ಮದಲ್ಲ ಅಂದುಕೊಳ್ಳುತ್ತಾರೆ. ಇಬ್ಬರಿಗೂ ಸಲ್ಲುವ ಕೆಲಸವೊಂದಿದೆ. ಟೆಕ್ನಿಕಲ್ ರೈಟರ್ ಅಂದರೆ ಮನೆಯ ಹಿರಿಯರು "ಟೈಪಿಂಗ್ ಕೆಲಸವೇನಪ್ಪಾ?" ಎನ್ನುತ್ತಾರೆ. ಅಲ್ಲ. ಮತ್ತೇನು ಎಂಬುದಕ್ಕೆ ಈ ಸೂತ್ರಗಳು. ಎಲ್ಲಕ್ಕೂ ಒಂದೇ ತೂಕವಿಲ್ಲ; ಪುರುಸೊತ್ತಿಲ್ಲದವರು ಎರಡನೆಯದನ್ನಾದರೂ ಓದಿ.

1. ಬರೆಯುವ ಆಸೆಯೊಂದನ್ನೇ ನಂಬಿ ಬರಬೇಡಿ

ಕೈಪಿಡಿ, ಸಹಾಯ ಪುಟ, ರಿಲೀಸ್ ನೋಟ್ಸ್, ಎಪಿಐ ವಿವರಣೆ, ಬಿಡಿಭಾಗಗಳ ಪಟ್ಟಿ, ಡಬ್ಬಿಯ ಮೇಲಿನ ಎಚ್ಚರಿಕೆ: ಕೊನೆಗೆ ಕೈಗೆ ಬರುವುದು ಇವೇ. ಆದರೆ ದಿನದ ಬಹುಪಾಲು ಹೋಗುವುದು ಬೇರೆ ಕಡೆ. ಇಂಜಿನಿಯರ್ ಹಿಂದೆ ಬಿದ್ದು ಕೇಳುವುದು, ಯಂತ್ರವನ್ನೋ ಸಾಫ್ಟ್‌ವೇರನ್ನೋ ತಾವೇ ಬಳಸಿ ನೋಡುವುದು, ಹಳೆಯ ಪುಟಗಳಲ್ಲಿ ಯಾವುದು ಈಗ ಸುಳ್ಳಾಗಿದೆ ಎಂದು ಹುಡುಕುವುದು, ರಿವ್ಯೂಗೆ ಕಳಿಸಿ ಉತ್ತರ ಬಾರದೆ ಮತ್ತೆ ನೆನಪಿಸುವುದು. ಕವಿತೆಗೆ ಬಹುಮಾನ ಪಡೆದವರು ಇಲ್ಲಿ ಬೇಸತ್ತು ಬಿಟ್ಟದ್ದುಂಟು, ಪ್ರಬಂಧವೆಂದರೆ ಹೆದರುತ್ತಿದ್ದವರು ನೆಲೆ ಕಂಡದ್ದುಂಟು. ಬಳಸುವವರು ನಾಳೆ ಕೇಳಲಿರುವ ಪ್ರಶ್ನೆಯನ್ನು ಇವತ್ತೇ ಅವರ ಪರವಾಗಿ ಕೇಳುವ ಚಾಳಿ ನಿಮಗಿದೆಯೇ? ಈ ಹುದ್ದೆಗೆ ಬೇಕಾದ ಅರ್ಹತೆ ಅದು. ಮಿಕ್ಕದ್ದನ್ನೆಲ್ಲ ಕಲಿಯಬಹುದು.

2. "ಇಲ್ಲದಿದ್ದರೆ?" ಎಂದು ಕೇಳುವುದನ್ನು ಮತಗಟ್ಟೆಯಿಂದ ಕಲಿಯಿರಿ

ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಶುರುವಾದದ್ದು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಬೀಳುವ ಅಳಿಸಲಾಗದ ಶಾಯಿ ಅಲ್ಲಿಯದೇ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಚರ್ಮಕ್ಕೆ ತಾಕಿ ಬೆಳಕು ಬಿದ್ದರೆ ಕಪ್ಪಾಗುತ್ತದೆ. ಇಷ್ಟು ನಮ್ಮೂರಿನ ಎಲ್ಲರಿಗೂ ಗೊತ್ತು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಆ ಶಾಯಿಗಿಂತ ಹೆಚ್ಚು ಇಷ್ಟವಾದದ್ದು ಅದನ್ನು ಹಚ್ಚುವ ಬಗೆಯನ್ನು ಹೇಳುವ ಬರಹ.

ಅವಸರದವರು ಒಂದು ಸಾಲು ಬರೆದು ಮುಗಿಸುತ್ತಿದ್ದರು: ಮತದಾರರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ. ಅರ್ಥವಾಗಲಿಲ್ಲ ಎನ್ನುವವರು ಯಾರೂ ಇಲ್ಲ. ಆದರೆ ಬೆಳಗಿನ ಸಾಲು ಬಾಗಿಲಾಚೆ ಬೆಳೆದಾಗ ಮತಗಟ್ಟೆಯ ಸಿಬ್ಬಂದಿಗೆ ಆ ಸಾಲು ಸಾಲುವುದಿಲ್ಲ. ಬೆರಳಿನ ಯಾವ ಭಾಗಕ್ಕೆ? ಚುಕ್ಕಿಯೋ ಗೆರೆಯೋ? 2006ರಿಂದ ಚುನಾವಣಾ ಆಯೋಗದ ಸೂಚನೆ ಅದನ್ನು ಬಿಡಿಸಿ ಹೇಳಿದೆ: ಉಗುರಿನ ಮೇಲ್ತುದಿಯಿಂದ ಮೊದಲ ಗೆಣ್ಣಿನ ಬುಡದವರೆಗೆ ಒಂದು ಗೆರೆ. ಶಾಯಿ ಹಿಡಿಯದಿರಲಿ ಎಂದು ಯಾರಾದರೂ ಬೆರಳಿಗೆ ಎಣ್ಣೆ ಸವರಿಕೊಂಡು ಬಂದರೆ? ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚಬೇಕು. ಆ ಬೆರಳೇ ಇಲ್ಲದಿದ್ದರೆ? 1961ರ ಚುನಾವಣೆ ನಡೆಸುವ ನಿಯಮಗಳು ಉತ್ತರ ಕೊಡುತ್ತವೆ: ಎಡಗೈಯ ಬೇರೊಂದು ಬೆರಳು. ಎಡಗೈಯಲ್ಲಿ ಒಂದು ಬೆರಳೂ ಇಲ್ಲದಿದ್ದರೆ? ಬಲಗೈ ತೋರುಬೆರಳು, ಅಥವಾ ಬಲಗೈಯ ಮತ್ತೊಂದು. ಎರಡೂ ಕೈಯಲ್ಲಿ ಬೆರಳಿಲ್ಲದಿದ್ದರೆ? ಇರುವ ತೋಳಿನ ತುದಿಗೆ.

ಒಂದೇ ಕೆಲಸದ ಮೇಲೆ ಮೂರು ಬಾರಿ "ಇಲ್ಲದಿದ್ದರೆ?" ಎಂದು ಕೇಳಿ, ಪ್ರತಿ ಬಾರಿಯೂ ಉತ್ತರ ಬರೆದಿಟ್ಟಿದ್ದಾರೆ. ಕೊನೆಯ ಪ್ರಶ್ನೆ ಎದುರಾಗುವ ಮತಗಟ್ಟೆಗಳು ಎಷ್ಟೋ ಕಡಿಮೆ. ಆದರೂ ಎದುರಾದ ದಿನ ಅಲ್ಲಿ ಕುಳಿತ ಮೇಷ್ಟ್ರು ಯಾರಿಗೂ ಫೋನ್ ಮಾಡಬೇಕಾಗಿಲ್ಲ, ಕೈಯಿಲ್ಲದ ಮತದಾರ ಸಾಲಿನ ಎದುರು ಮುಜುಗರಪಡುತ್ತ ನಿಲ್ಲಬೇಕಾಗಿಲ್ಲ. ಆ ನಿಯಮದ ಭಾಷೆ ಬಿರುಸು, ಕಾನೂನಿನ ಭಾಷೆ. ಮತಗಟ್ಟೆಗೆ ಅದನ್ನು ಸರಳ ಮಾಡಿ ಕೊಡುವುದು ಇನ್ನೊಬ್ಬರ ಕೆಲಸ. ಆದರೆ ಯೋಚನೆ ಪೂರ್ತಿಯಾಗಿದೆ. ನೀವು ಬರೆದ ಪ್ರತಿ ಹೆಜ್ಜೆಯ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ "ಇಲ್ಲದಿದ್ದರೆ?" ಎಂದು ಗೀಚಿಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೆ? ಓಟಿಪಿ ಬಾರದಿದ್ದರೆ? ಪ್ರಿಂಟರಿನಲ್ಲಿ ಹಾಳೆ ಮುಗಿದರೆ? ನಡುವೆ ಕರೆಂಟ್ ಹೋದರೆ? ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಪಟ್ಟಿ ಮಾಡಿ ಇಂಜಿನಿಯರ್ ಹತ್ತಿರ ಹೋಗಿ. ಎಷ್ಟೋ ಸಲ ಆ ಪಟ್ಟಿಯಿಂದ ಕೈಪಿಡಿಯ ಬದಲು ಯಂತ್ರವೇ ತಿದ್ದುಪಡಿಯಾಗುತ್ತದೆ, ಅದೂ ನಿಮ್ಮ ಕೆಲಸದ ಫಲವೇ.

3. ಯಂತ್ರ ಒಂದು, ಪುಸ್ತಕ ಮೂರು

ಬಿಇಎಂಎಲ್‌ನ ಮೈಸೂರು ಘಟಕದಿಂದ ಹೊರಡುವ ಡಂಪ್ ಟ್ರಕ್ ಎಲ್ಲೋ ದೂರದ ಗಣಿಯಲ್ಲಿ ಓಡುತ್ತದೆ. ಇಂಥ ಭಾರಿ ಯಂತ್ರಕ್ಕೆ ಓಡಿಸುವವರಿಗೆ ಒಂದು ಪುಸ್ತಕ ಬೇಕು, ರಿಪೇರಿ ಮಾಡುವವರಿಗೆ ಒಂದು, ಸ್ಟೋರಿನಲ್ಲಿ ಕುಳಿತು ಬಿಡಿಭಾಗದ ನಂಬರ್ ಹುಡುಕುವವರಿಗೆ ಇನ್ನೊಂದು. ಓಡಿಸುವವರಿಗೆ ಇಂಜಿನ್ನಿನ ಒಳಗಿನ ಗ್ಯಾಪ್ ಎಷ್ಟು ಮಿಲಿಮೀಟರ್ ಎಂಬುದು ಬೇಡ, ಯಾವ ದೀಪ ಹತ್ತಿದರೆ ಗಾಡಿ ನಿಲ್ಲಿಸಬೇಕು ಎಂಬುದು ಬೇಕು. ಮೂವರಿಗೂ ಒಂದೇ ಪುಸ್ತಕ ಮಾಡಿ ಕೊಟ್ಟರೆ ಯಾರೂ ತೆರೆಯುವುದಿಲ್ಲ. ಬರೆಯುವ ಮುಂಚೆ ಒಂದು ಸಾಲು ಬರೆದುಕೊಳ್ಳಿ: ಇದನ್ನು ಓದುವವರು ಯಾರು, ಓದುವಾಗ ಅವರ ಕೈಯಲ್ಲಿ ಏನಿರುತ್ತದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದವರಿಗೆ ಪೀಠಿಕೆ ಬರೆಯುವವರನ್ನು ದೇವರೇ ಕಾಪಾಡಬೇಕು.

ಸಾಫ್ಟ್‌ವೇರಿನಲ್ಲೂ ಇದೇ ಕತೆ. ಹೊಸಬರನ್ನು ಕೈಹಿಡಿದು ಕಲಿಸುವ ಪಾಠ, ಕೆಲಸ ಮುಗಿಸಬೇಕಾದವರಿಗೆ ಹೆಜ್ಜೆಗಳ ಪಟ್ಟಿ, ನೋಡಿ ತಿಳಿಯಬೇಕಾದವರಿಗೆ ಕೋಷ್ಟಕ, ಏಕೆ ಹೀಗೆ ಎಂದು ತಿಳಿಯಬಯಸುವವರಿಗೆ ವಿವರಣೆ. ಈ ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸಬೇಡಿ ಎನ್ನುವ ಡಯಾಟಾಕ್ಸಿಸ್ ಎಂಬ ವಿಧಾನ ಈಗ ಬಹಳ ಕಡೆ ಬಳಕೆಯಲ್ಲಿದೆ. ಡೇನಿಯೆಲೆ ಪ್ರೊಸಿಡಾ ರೂಪಿಸಿದ ಈ ವಿಧಾನವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

4. ಮುಟ್ಟದೆ ಬರೆಯಬೇಡಿ

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕು ತಯಾರಿಸಿತು. ಜಾವಾ, ಯೆಜ್ಡಿ ಓಡಿಸಿದವರಿಗೆ ಗೊತ್ತು: ಅದರಲ್ಲಿ ಗೇರ್ ಲಿವರೇ ಕಿಕ್ಕರ್. ಬೇರೆ ಬೈಕು ಓಡಿಸಿ ಬಂದವರು ಕಿಕ್ಕರ್ ಎಲ್ಲಿ ಎಂದು ಹುಡುಕಿ ಸುಸ್ತಾಗುತ್ತಾರೆ. ಒಂದು ಅಭ್ಯಾಸ ಮಾಡಿ. ಆ ಬೈಕನ್ನು ಕಂಡೇ ಇರದವರು ಓದಿ ಸ್ಟಾರ್ಟ್ ಮಾಡುವಂತೆ ಐದು ಸಾಲು ಬರೆಯಿರಿ. ನ್ಯೂಟ್ರಲ್‌ನಲ್ಲಿದೆಯೇ ನೋಡಬೇಕು, ಲಿವರನ್ನು ಇಂಜಿನ್ ಕಡೆಗೆ ಒಳಕ್ಕೆ ಒತ್ತಬೇಕು, ಒತ್ತಿಕೊಂಡೇ ಮೇಲಕ್ಕೆ ತಿರುಗಿಸಬೇಕು, ಆಮೇಲೆ ತುಳಿಯಬೇಕು. ಕುರ್ಚಿಯಲ್ಲಿ ಕುಳಿತು ಬರೆದರೆ "ಒಳಕ್ಕೆ ಒತ್ತಿ" ಎಂಬುದೇ ಬಿಟ್ಟುಹೋಗುತ್ತದೆ, ಯಾಕೆಂದರೆ ಓಡಿಸಿ ರೂಢಿಯಾದವರ ಕಾಲು ಅದನ್ನು ಯೋಚಿಸದೆ ಮಾಡಿಬಿಡುತ್ತದೆ. ವಿಷಯ ಬಲ್ಲವರಿಂದ ಕೇಳಿ ಬರೆಯುವುದರ ಅಪಾಯವೂ ಇದೇ: ಅವರಿಗೆ ರೂಢಿಯಾದ ಹೆಜ್ಜೆ ಅವರ ಬಾಯಿಗೆ ಬರುವುದಿಲ್ಲ.

ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಆ ಬೈಕುಗಳ ಹಳೆಯ ಕೈಪಿಡಿಯನ್ನು ಅಭಿಮಾನಿಗಳು ಈಗಲೂ ಹುಡುಕುತ್ತಾರೆ. ಮುದ್ರಿಸಿದ ದಿನ ಅದಕ್ಕೆ ಯಾರೂ ಅಷ್ಟು ಬೆಲೆ ಕಟ್ಟಿರಲಾರರು.

5. ಇಂಜಿನಿಯರನ್ನು ಹೀಗೆ ಕೇಳಿ

"ಇದರ ಬಗ್ಗೆ ಸ್ವಲ್ಪ ಹೇಳಿ ಸರ್" ಎಂದರೆ ಅರ್ಧ ಗಂಟೆ ಭಾಷಣ ಸಿಗುತ್ತದೆ, ಪುಟಕ್ಕೆ ಬೇಕಾದದ್ದು ಒಂದೂ ಸಿಗುವುದಿಲ್ಲ. ಇರುವ ಕಾಗದ ಪತ್ರಗಳನ್ನು ಓದಿ, ತಪ್ಪೋ ಸರಿಯೋ ಒಂದು ಕರಡು ಬರೆದು ತೆಗೆದುಕೊಂಡು ಹೋಗಿ. ಖಾಲಿ ಹಾಳೆಯ ಎದುರು ಮೌನವಾಗಿರುವವರು ತಪ್ಪು ಸಾಲು ಕಂಡ ಕೂಡಲೇ ಬಾಯಿ ಬಿಡುತ್ತಾರೆ. ಇದು ಮನುಷ್ಯ ಸ್ವಭಾವ, ಹೆಬ್ಬಾಳದಲ್ಲೂ ಹಾಗೆ, ಸಿಯಾಟಲ್‌ನಲ್ಲೂ ಹಾಗೆ.

ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

"ಸರ್, ಈ ಬಟನ್ ಎರಡು ಸಲ ಒತ್ತಿದರೆ ಏನಾಗುತ್ತೆ?"

"ಯಾರೂ ಎರಡು ಸಲ ಒತ್ತಲ್ಲ ಬಿಡಮ್ಮ."

"ಒತ್ತಿದ್ರೆ, ಸರ್?"

(ಸ್ವಲ್ಪ ಹೊತ್ತು ಸುಮ್ಮನಿದ್ದು) "ಇರಿ, ನೋಡಿ ಹೇಳ್ತೀನಿ."

ಆ "ಇರಿ, ನೋಡಿ ಹೇಳ್ತೀನಿ" ಬರುವವರೆಗೆ ಕೇಳಿ. ಗೌರವ ಬಿಡಬೇಡಿ, ಪ್ರಶ್ನೆಯನ್ನೂ ಬಿಡಬೇಡಿ. ಇನ್ನೊಂದು ಗುಟ್ಟು: ಎಲ್ಲರೂ ಡೆವಲಪರ್ ಹಿಂದೆಯೇ ಓಡುತ್ತಾರೆ. ಯಂತ್ರ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಗೊತ್ತಿರುವುದು ಟೆಸ್ಟಿಂಗ್‌ನವರಿಗೆ, ಜನ ಎಲ್ಲೆಲ್ಲಿ ಎಡವುತ್ತಾರೆ ಎಂದು ಗೊತ್ತಿರುವುದು ಫೋನ್ ಎತ್ತುವ ಸಪೋರ್ಟ್‌ನವರಿಗೆ. ಅವರ ಜೊತೆ ಕಾಫಿ ಕುಡಿಯಿರಿ. ಒಂದು ತಿಂಗಳ ದೂರುಗಳ ಟಿಕೆಟ್ ಓದಿದರೆ ನಿಮ್ಮ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ.

6. ಎರರ್ ಮೆಸೇಜನ್ನು ಬೇರೆಯವರಿಗೆ ಬಿಡಬೇಡಿ

ಥೆರಾಕ್-25 ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ, ಕೆನಡಾದಲ್ಲಿ ತಯಾರಾದ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಮಂದಿಗೆ ಅದು ಮಿತಿಮೀರಿದ ವಿಕಿರಣ ಬಿಟ್ಟಿತು, ಜೀವಗಳು ಹೋದವು. ಮೂಲ ದೋಷ ಸಾಫ್ಟ್‌ವೇರಿನದು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದದ್ದೂ ಸೇರಿಕೊಂಡಿತ್ತು. ಆದರೆ ಅಂಥ ಒಂದು ಅಪಘಾತದ ದಿನ ಪರದೆಯ ಮೇಲೆ ಯಂತ್ರ ಒಂದು ಮಾತು ಹೇಳಿತ್ತು: ಮಾಲ್‌ಫಂಕ್ಷನ್ 54. ಹಾಗೆಂದರೇನು ಎಂದು ಆಪರೇಟರ್‌ಗೆ ಕೊಟ್ಟ ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಇಂಥ ಸಂದೇಶಗಳು ದಿನಾ ಬರುತ್ತಿದ್ದವು, ಒಂದು ಕೀ ಒತ್ತಿ ಮುಂದುವರಿಯುವುದು ಅವರಿಗೆ ಅಭ್ಯಾಸವಾಗಿತ್ತು. ಆ ದಿನವೂ ಒತ್ತಿದರು.

ಕೈಪಿಡಿ ಸರಿಯಿದ್ದರೆ ಎಲ್ಲವೂ ತಪ್ಪುತ್ತಿತ್ತು ಎನ್ನಲಾರೆ, ದೋಷ ಅಷ್ಟು ಆಳದಲ್ಲಿತ್ತು. ಆದರೆ "ಏನೋ ಸರಿಯಿಲ್ಲ, ನಿಲ್ಲಿಸಬೇಕು" ಎಂದು ತಿಳಿಯಬೇಕಾದ ಮನುಷ್ಯನಿಗೆ ಸಿಕ್ಕಿದ್ದು ಒಂದು ಸಂಖ್ಯೆ. ಎರರ್ ಮೆಸೇಜ್ ಮೂರು ವಿಷಯ ಹೇಳಬೇಕು: ಏನಾಗಿದೆ, ಏಕಾಗಿದೆ, ಈಗ ನೀವೇನು ಮಾಡಬೇಕು. ಹೆಚ್ಚಿನ ಕಂಪನಿಗಳಲ್ಲಿ ಅದನ್ನು ಕೋಡ್ ಬರೆದವರೇ ನಡುರಾತ್ರಿ ಅವಸರದಲ್ಲಿ ಬರೆದಿರುತ್ತಾರೆ. ಆ ಸಾಲುಗಳ ಪಟ್ಟಿಯನ್ನು ನೀವಾಗಿಯೇ ಕೇಳಿ ಪಡೆದುಕೊಳ್ಳಿ. ಕೊಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಕೇಳುವವರು ಇಲ್ಲ, ಅಷ್ಟೆ.

7. ಹೆಜ್ಜೆ ಹೇಳಿ, ಏನು ಕಾಣಬೇಕು ಎಂಬುದನ್ನೂ ಹೇಳಿ

ಮತ್ತೊಮ್ಮೆ ಮತಗಟ್ಟೆ. ಮತದಾನಕ್ಕೆ ಮೊದಲು ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತದೆ. ಆಮೇಲೆ ಇವಿಎಂನಲ್ಲಿ ಕ್ರಮವಾಗಿ ಕ್ಲೋಸ್, ರಿಸಲ್ಟ್, ಕ್ಲಿಯರ್ ಒತ್ತಬೇಕು. ಕ್ಲಿಯರ್ ಮರೆತರೆ ಅಣಕು ಮತಗಳು ನಿಜ ಮತಗಳ ಜೊತೆ ಕೂಡಿಕೊಂಡು ಲೆಕ್ಕವೇ ಕೆಡುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದ ಕೆಲವು ಮತಗಟ್ಟೆಗಳಲ್ಲಿ ಹಾಗೆ ಆಗಿಯೂ ಇದೆ. ಬೆಳಗಿನ ಜಾವ ಎದ್ದು, ನಿದ್ದೆಗಣ್ಣಿನಲ್ಲಿ, ಹತ್ತಾರು ನಮೂನೆಗಳ ನಡುವೆ ಕೆಲಸ ಮಾಡುವವರಿಗೆ "ಕ್ಲಿಯರ್ ಒತ್ತಿ" ಎಂಬುದರ ಜೊತೆಗೆ "ಪರದೆಯಲ್ಲಿ ಒಟ್ಟು ಮತ 0 ಎಂದು ಕಾಣಬೇಕು" ಎಂದೂ ಬೇಕು. ಮೊದಲನೆಯದು ಆಜ್ಞೆ. ಎರಡನೆಯದು ಕೆಲಸ ಆಯಿತೇ ಇಲ್ಲವೇ ಎಂಬ ಪರೀಕ್ಷೆ.

8. ಎಚ್ಚರಿಕೆ ಮೊದಲು, ಕೆಲಸ ಆಮೇಲೆ

"ಮುಚ್ಚಳ ತೆಗೆಯಿರಿ. ಸೂಚನೆ: ಬಿಸಿಯಿರುವಾಗ ತೆಗೆಯಬಾರದು." ಇದನ್ನು ಓದುವವರ ಕೈ ಮೊದಲ ವಾಕ್ಯಕ್ಕೇ ಮುಚ್ಚಳಕ್ಕೆ ಹೋಗಿರುತ್ತದೆ. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ: ಬೇಡ ಎಂಬ ಮಾತು ವಾಕ್ಯದ ಕಟ್ಟಕಡೆಗೆ ಬರುತ್ತದೆ. ಉದ್ದ ವಾಕ್ಯವಾದರೆ ಅಲ್ಲಿಗೆ ತಲುಪುವಷ್ಟರಲ್ಲಿ ಕೈ ಸುಟ್ಟಿರುತ್ತದೆ. ಹಾಗಾಗಿ ಎಚ್ಚರಿಕೆಯ ವಾಕ್ಯ ಚಿಕ್ಕದಿರಲಿ, ಹೆಜ್ಜೆಗಿಂತ ಮೇಲೆ ಪ್ರತ್ಯೇಕವಾಗಿ ನಿಲ್ಲಲಿ. ಇದಕ್ಕೆ ಬದಲಾಗಿ ನಮ್ಮ ಭಾಷೆ ಒಂದು ಅನುಕೂಲವನ್ನೂ ಕೊಟ್ಟಿದೆ. "ಕೆಂಪು ದೀಪ ಹತ್ತಿದರೆ ಸ್ವಿಚ್ ಆರಿಸಿ" ಎನ್ನುವಾಗ ಷರತ್ತು ತಾನಾಗಿಯೇ ಮುಂದೆ ಬರುತ್ತದೆ. ಇಂಗ್ಲಿಷಿನ ಬರಹಗಾರರು ಇದೇ ಕ್ರಮವನ್ನು ಸ್ಟೈಲ್ ಗೈಡಿನಲ್ಲಿ ನಿಯಮ ಮಾಡಿಕೊಂಡು ಪಾಲಿಸಬೇಕಾಗಿದೆ.

ವಾಕ್ಯದ ಉದ್ದದ ಬಗ್ಗೆ ಕಟ್ಟುನಿಟ್ಟಾದ ಅಳತೆ ಬೇಕೆನ್ನುವವರು ವಿಮಾನ ದುರಸ್ತಿಯ ಕೈಪಿಡಿಗಳನ್ನು ನೋಡಿ. 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮ ರೂಪಿಸಿದ ಸರಳ ಇಂಗ್ಲಿಷ್ ನಿಯಮಾವಳಿಗೆ ಈಗ ಎಎಸ್‌ಡಿ-ಎಸ್‌ಟಿಇ100 ಎಂಬ ಹೆಸರು. ಹೆಜ್ಜೆ ಹೇಳುವ ವಾಕ್ಯಕ್ಕೆ ಅದರಲ್ಲಿ 20 ಪದಗಳ ಮಿತಿ, ವಿವರಣೆಯ ವಾಕ್ಯಕ್ಕೆ 25. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ 20 ಕೂಡ ಹೆಚ್ಚೇ. ಒಂದು ವಾಕ್ಯಕ್ಕೆ ಒಂದು ಕೆಲಸ ಎಂದಿಟ್ಟುಕೊಳ್ಳಿ.

9. ರಿವ್ಯೂ ಮಾಡುವಾಗ ಶಾಮಾಶಾಸ್ತ್ರಿಗಳನ್ನು ನೆನೆಯಿರಿ

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂತು. ಯುದ್ಧ, ತೆರಿಗೆ, ಗೂಢಚಾರಿಕೆಯ ಗ್ರಂಥ ಎಂದೇ ಅದರ ಹೆಸರು. ಎರಡನೆಯ ಅಧಿಕರಣದಲ್ಲಿ ರಾಜಶಾಸನ ಬರೆಯುವ ಲೇಖಕನ ಬಗ್ಗೆ ಒಂದು ಅಧ್ಯಾಯವಿದೆ ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಒಳ್ಳೆಯ ಬರಹಕ್ಕೆ ಅಲ್ಲಿ ಆರು ಗುಣ ಹೇಳಿದೆ. ಮುಖ್ಯವಾದದ್ದು ಮೊದಲು ಬಂದು ಮಿಕ್ಕದ್ದು ಕ್ರಮದಲ್ಲಿರುವುದು, ಮುಂದೆ ಹೇಳುವುದು ಹಿಂದೆ ಹೇಳಿದ್ದಕ್ಕೆ ಹೊಂದುವುದು, ಹೆಚ್ಚೂ ಕಡಿಮೆಯೂ ಇಲ್ಲದೆ ಪೂರ್ತಿಯಾಗಿರುವುದು, ಕೇಳಲು ಹಿತವಾಗಿರುವುದು, ಒರಟು ಮಾತಿಲ್ಲದಿರುವುದು, ಎಲ್ಲರಿಗೂ ಗೊತ್ತಿರುವ ಪದ ಬಳಸುವುದು. ದೋಷಗಳು ಐದು: ಮಾಸಿದ ಅಂದಗೆಟ್ಟ ಅಕ್ಷರ, ತನ್ನ ಮಾತನ್ನೇ ತಾನು ಅಲ್ಲಗಳೆಯುವುದು, ಹೇಳಿದ್ದನ್ನೇ ಹೇಳುವುದು, ವ್ಯಾಕರಣದ ತಪ್ಪು, ಕೂಡಿಸಬಾರದ ಕಡೆ ಕೂಡಿಸಿ ಬಿಡಿಸಬಾರದ ಕಡೆ ಬಿಡಿಸುವುದು.

ಈಗಿನ ಕಂಪನಿಗಳ ರಿವ್ಯೂ ಪಟ್ಟಿಯಾಗಲು ಇದಕ್ಕೆ ಸೇರಿಸಬೇಕಾದದ್ದು ಒಂದೇ: ಹೇಳಿದಂತೆ ಮಾಡಿದರೆ ಕೆಲಸ ನಡೆಯುತ್ತದೆಯೇ ಎಂದು ಯಾರಾದರೂ ಮಾಡಿ ನೋಡಿದರೇ? ರಾಜಶಾಸನಕ್ಕೆ ಆ ತಾಪತ್ರಯ ಇರಲಿಲ್ಲ. ಹಿತವಾಗಿರಬೇಕು ಎಂಬ ನಾಲ್ಕನೆಯ ಗುಣವನ್ನು ಮಾತ್ರ ಹಿಂದಕ್ಕೆ ತಳ್ಳಬೇಡಿ. ತಾಂತ್ರಿಕ ಬರಹ ಎಂದರೆ ಒಣಗಿರಬೇಕು ಎಂಬುದು ಸೋಮಾರಿಗಳು ಹಬ್ಬಿಸಿದ ಸುದ್ದಿ.

10. ಉಪಕರಣ ಕಲಿಯಿರಿ, ಸರ್ಟಿಫಿಕೇಟಿಗೆ ಸಾಲ ಮಾಡಬೇಡಿ

ಮಾರ್ಕ್‌ಡೌನ್ ಒಂದು ವಾರಾಂತ್ಯದ ಕಲಿಕೆ. ಗಿಟ್ ಸ್ವಲ್ಪ ಕಾಡುತ್ತದೆ, ಆದರೆ ಇವತ್ತು ಡೆವಲಪರ್‌ಗಳ ಜೊತೆ ಕೆಲಸ ಮಾಡಬೇಕಾದರೆ ಬೇಕೇ ಬೇಕು. ಯಂತ್ರೋಪಕರಣ, ವಿಮಾನ, ವೈದ್ಯಕೀಯ ಉಪಕರಣಗಳ ಕಡೆ ಹೋಗುವವರು ಡಿಟಾ ಎಂಬ ಎಕ್ಸ್‌ಎಂಎಲ್ ವಿಧಾನವನ್ನು ನೋಡಿಕೊಳ್ಳಿ. 2005ರಲ್ಲಿ ಅದು ಸ್ಟ್ಯಾಂಡರ್ಡ್ ಆಯಿತು, ಒಂದೇ ತುಣುಕನ್ನು ಹತ್ತು ಕೈಪಿಡಿಗಳಲ್ಲಿ ಬಳಸಲು ಅದರಲ್ಲಿ ಸೌಕರ್ಯವಿದೆ. ಫ್ರೇಮ್‌ಮೇಕರ್, ಫ್ಲೇರ್ ಮುಂತಾದವನ್ನು ಕಂಪನಿ ಕಲಿಸುತ್ತದೆ, ನೀವೇ ಹಣ ಕೊಟ್ಟು ಕೊಳ್ಳಬೇಡಿ. ಸರ್ಟಿಫಿಕೇಟ್ ಕೋರ್ಸಿಗೆ ಸಾಲ ಬೇಕಿಲ್ಲ, ಗೂಗಲ್ ತನ್ನ ಟೆಕ್ನಿಕಲ್ ರೈಟಿಂಗ್ ಪಾಠಗಳನ್ನು ಉಚಿತವಾಗಿ ಇಟ್ಟಿದೆ. ಅದರ ಮತ್ತು ಮೈಕ್ರೋಸಾಫ್ಟ್‌ನ ಸ್ಟೈಲ್ ಗೈಡುಗಳೂ ಉಚಿತ, ಇವೆರಡನ್ನೂ ಓದಿದವರು ಸಂದರ್ಶನದಲ್ಲಿ ತಡವರಿಸುವುದು ಕಡಿಮೆ. ಕಾಲ ಬದಲಾದದ್ದಕ್ಕೆ ಗುರುತು ಬೇಕೆ? 1953ರಿಂದ ಈ ವೃತ್ತಿಯವರ ದೊಡ್ಡ ಸಂಘವಾಗಿದ್ದ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ಬಾಗಿಲು ಹಾಕಿತು.

11. ಎಐ ಬರೆಯಲಿ, ಆದರೆ ಯಂತ್ರವನ್ನು ಅದು ಮುಟ್ಟಿಲ್ಲ ಎಂಬುದು ನೆನಪಿರಲಿ

"ಇನ್ನು ಈ ಕೆಲಸ ಉಳಿಯುತ್ತದೆಯೇ?" ಎಂದು ಎಲ್ಲರೂ ಕೇಳುತ್ತಾರೆ. ವಾಕ್ಯ ಜೋಡಿಸುವುದಷ್ಟೇ ಕೆಲಸ ಎಂದುಕೊಂಡವರಿಗೆ ಕಷ್ಟ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಚೆಲ್ಲಾಪಿಲ್ಲಿ ಟಿಪ್ಪಣಿಯನ್ನು ಎಐ ಕ್ಷಣದಲ್ಲಿ ಓರಣ ಮಾಡುತ್ತದೆ, ಒಂದೇ ವಸ್ತುವಿಗೆ ಎರಡು ಹೆಸರು ಬಳಸಿದ್ದರೆ ಹಿಡಿದು ತೋರಿಸುತ್ತದೆ. ಅದೇ ಸರಾಗದಲ್ಲಿ, ಪರದೆಯ ಮೇಲೆ ಇಲ್ಲದ ಮೆನು ಒತ್ತಲು ಹೇಳುತ್ತದೆ, ಸಂಕೋಚವಿಲ್ಲದೆ. ಆ ಮೆನು ಇದೆಯೇ ಎಂದು ನೋಡುವವರು ಬೇಕು.

ಇನ್ನೊಂದು ಬದಲಾವಣೆಯನ್ನು ಕಡೆಗಣಿಸಬೇಡಿ. ಜನ ಈಗ ಸಹಾಯ ಪುಟ ತೆರೆಯುವುದು ಕಡಿಮೆ, ಚಾಟ್‌ಬಾಟನ್ನು ಕೇಳುತ್ತಾರೆ. ಕಂಪನಿಯ ಚಾಟ್‌ಬಾಟ್ ಉತ್ತರ ಹೆಕ್ಕುವುದು ನೀವು ಬರೆದ ಪುಟದಿಂದ. ನಿಮ್ಮಲ್ಲಿ ಹಳಸಿದ ಒಂದು ಸಾಲು ಉಳಿದಿದ್ದರೆ ಅದು ಸಾವಿರ ಜನರಿಗೆ ಸಾವಿರ ಸಲ ಸುಳ್ಳು ಹೇಳುತ್ತದೆ. ಹಳೆಯದನ್ನು ಅಳಿಸುವುದು ಹೊಸದನ್ನು ಬರೆಯುವಷ್ಟೇ ದೊಡ್ಡ ಕೆಲಸವಾಗಿರುವುದು ಇದರಿಂದಲೇ. ಮತ್ತೆ, ಬಿಡುಗಡೆಯಾಗದ ಉತ್ಪನ್ನದ ವಿವರವನ್ನು ಸಿಕ್ಕ ಸಿಕ್ಕ ಎಐಗೆ ಅಂಟಿಸಬೇಡಿ, ಕೆಲಸ ಹೋಗುತ್ತದೆ.

12. ಕನ್ನಡವನ್ನು ಮನೆಯಲ್ಲಿ ಬಿಟ್ಟು ಬರಬೇಡಿ

ಸಂಬಳ ಕೊಡುವ ಬರಹದ ಬಹುಪಾಲು ಇಂಗ್ಲಿಷಿನಲ್ಲಿದೆ. ಆದರೆ ಬ್ಯಾಂಕಿನ ಆ್ಯಪ್, ಸರ್ಕಾರಿ ಪೋರ್ಟಲ್, ಕೀಟನಾಶಕದ ಡಬ್ಬಿ, ಮಿಕ್ಸಿಯ ಜೊತೆ ಬರುವ ಚೀಟಿ, ಇವೆಲ್ಲ ಕನ್ನಡದಲ್ಲೂ ಬರುತ್ತಿವೆ. ಹೇಗೆ ಬರುತ್ತಿವೆ ಎಂದು ಕೇಳಬೇಡಿ. "ಗುಂಡಿಯು ಒತ್ತಲ್ಪಡತಕ್ಕದ್ದು" ಎಂದು ಮಾತಾಡುವವರು ಹಿನಕಲ್‌ನಿಂದ ಹೂಟಗಳ್ಳಿಯವರೆಗೆ ಒಬ್ಬರೂ ಇಲ್ಲ. "ಬಟನ್ ಒತ್ತಿ" ಎಂದರೆ ಸಾಕು. ಪರದೆಯ ಮೇಲೆ ಸೇವ್ ಎಂದಿದ್ದರೆ ನಿಮ್ಮ ಪುಟದಲ್ಲೂ ಸೇವ್ ಎಂದೇ ಇರಲಿ, ಅಚ್ಚಗನ್ನಡದ ಪ್ರೀತಿಯನ್ನು ಬೇರೆ ಕಡೆ ತೋರಿಸಬಹುದು. ಮೆಕ್ಯಾನಿಕ್ ಬೇರಿಂಗ್, ಗ್ರೀಸ್, ನಟ್ಟು, ಬೋಲ್ಟು ಎನ್ನುತ್ತಾರೆ. ನೀವೂ ಹಾಗೇ ಬರೆಯಿರಿ.

ಕನ್ನಡಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. ಸುಮಾರು 1025ರಲ್ಲಿ, ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಂತರ್ಜಲ ಪತ್ತೆ ಮಾಡುವುದು, ಗಿಡಗಳ ಆರೈಕೆ, ದನಕರುಗಳ ಔಷಧ, ಅಡುಗೆ ಎಲ್ಲವೂ ಇವೆ. ರಾಜಾದಿತ್ಯ ಗಣಿತ ಬರೆದ, ಕೀರ್ತಿವರ್ಮ ಗೋವೈದ್ಯ ಬರೆದ, ಮಂಗರಸ ಪಾಕಶಾಸ್ತ್ರ ಬರೆದ. ಅವರಿಗೆ ಸ್ಕ್ರೀನ್‌ಶಾಟ್ ಇರಲಿಲ್ಲ. ನೆನಪಿನಲ್ಲಿ ಉಳಿಯಲಿ ಎಂದು ಪದ್ಯದಲ್ಲಿ ಬರೆದರು. ನಮ್ಮ ಕಾಲಕ್ಕೆ ಬಂದರೆ, ಮೈಸೂರಿನಲ್ಲೇ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಜೆ.ಆರ್. ಲಕ್ಷ್ಮಣರಾಯರ ವಿಜ್ಞಾನ ಬರಹ ಓದಿ. ಗೊತ್ತಿಲ್ಲದ ವಿಷಯವನ್ನು ಗೊತ್ತಿರುವ ಮಾತಿನಿಂದ ಹೇಗೆ ಶುರುಮಾಡಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸುಲಭವಾಗಿ ಸಿಗದು.

13. ಮನೆಗೆ ಬರುವ ಕರೆಂಟ್ ಬಿಲ್ಲಿನಿಂದ ಶುರುಮಾಡಿ

"ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ" ಎಂಬ ಗಂಟನ್ನು ಬಿಚ್ಚುವುದು ಹೀಗೆ: ಯಾರೂ ಕೇಳದೆ ಬರೆದು ತೋರಿಸಿ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್‌ನ ಕಾರ್ಪೊರೇಟ್ ಕಚೇರಿ ಇರುವುದು ವಿಜಯನಗರ 2ನೇ ಹಂತದಲ್ಲೇ. ಅದರ ಬಿಲ್ ಪ್ರತಿ ಮನೆಗೂ ಬರುತ್ತದೆ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕವನ್ನು ಒಂದು ಪುಟದಲ್ಲಿ, ನಿಮ್ಮ ಅಜ್ಜಿಗೆ ತಿಳಿಯುವಂತೆ ಬರೆಯಿರಿ. ಯೋಜನೆ ಶುರುವಾದಾಗಿನ ಸೂತ್ರ ಹೀಗಿತ್ತು: 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ, ಗರಿಷ್ಠ 200. ನಿಮ್ಮ ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿಯೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್. 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್ ಎಂದು ಬದಲಾಯಿತು.

ಹೇಳಲು ನಾಲ್ಕೇ ಸಾಲು. ಆದರೆ ಎರಡನೆಯ ಸೂತ್ರದ ಪೆನ್ಸಿಲ್ ಹಿಡಿಯಿರಿ. ಬಾಡಿಗೆ ಮನೆ ಬದಲಿಸಿದರೆ? ಹೊಸದಾಗಿ ಮೀಟರ್ ಹಾಕಿಸಿದ ಮನೆಗೆ ಸರಾಸರಿ ಎಲ್ಲಿಂದ ಬಂತು? 199 ಯೂನಿಟ್ಟಿಗೂ 201 ಯೂನಿಟ್ಟಿಗೂ ಬಿಲ್ಲಿನಲ್ಲಿ ಎಷ್ಟು ವ್ಯತ್ಯಾಸ? ಕಚೇರಿಗೆ ಹೋಗಿ ಕೇಳಿ, ಈಗಿನ ನಿಯಮ ಏನು ಎಂದು ದಿನಾಂಕದ ಸಮೇತ ಬರೆದುಕೊಳ್ಳಿ. ಬರೆದದ್ದನ್ನು ಪಕ್ಕದ ಮನೆಯವರ ಕೈಗೆ ಅವರದೇ ಬಿಲ್ ಜೊತೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಬಾಯಿ ಬಿಡಬೇಡಿ. ಅವರು ಯಾವ ಸಾಲಿನಲ್ಲಿ ತಡೆದು ನಿಂತು ಮತ್ತೆ ಮೇಲಿನಿಂದ ಓದುತ್ತಾರೋ, ತಿದ್ದಬೇಕಾದದ್ದು ಆ ಸಾಲು. ಇದೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡಿ. ಜೊತೆಗೆ ಯಾವುದಾದರೂ ಮುಕ್ತ ತಂತ್ರಾಂಶದ ಒಂದು ಸಹಾಯ ಪುಟವನ್ನು ತಿದ್ದಿ ಕಳಿಸಿ. ಹತ್ತು ಪುಟದ ಬಯೋಡೇಟಾಗಿಂತ ಈ ಎರಡು ತುಣುಕು ಹೆಚ್ಚು ಮಾತಾಡುತ್ತವೆ.

14. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ

ನನಗೆ ಉತ್ಪನ್ನವನ್ನು ಬಳಸಿ ನೋಡಲು ಕೊಡುತ್ತೀರಾ? ನಾನು ಬರೆದದ್ದನ್ನು ಪರಿಶೀಲಿಸುವವರು ಯಾರು, ಅವರ ಕೆಲಸದ ಪಟ್ಟಿಯಲ್ಲಿ ಅದು ಇದೆಯೇ? ಬಳಸುವವರ ದೂರುಗಳನ್ನು ನಾನು ಓದಬಹುದೇ? ಡಿಸೈನ್ ಆಗುವಾಗಲೇ ಕರೆಯುತ್ತೀರೋ, ರಿಲೀಸಿನ ಹಿಂದಿನ ದಿನವೋ? ಮೊದಲ ಪ್ರಶ್ನೆಗೆ "ಇಲ್ಲ, ಇಂಜಿನಿಯರ್ ಕಳಿಸಿದ್ದನ್ನು ಚೆನ್ನಾಗಿ ಮಾಡಿಕೊಟ್ಟರೆ ಸಾಕು" ಎಂಬ ಉತ್ತರ ಬಂದರೆ ಅವರು ಹುಡುಕುತ್ತಿರುವುದು ಟೆಕ್ನಿಕಲ್ ರೈಟರನ್ನಲ್ಲ. ಅಲ್ಲಿ ಸಂಬಳ ಚೆನ್ನಾಗಿದ್ದರೆ ಒಂದು ವರ್ಷ ಇದ್ದು, ಅಷ್ಟರಲ್ಲಿ ಗಿಟ್ ಕಲಿತು ಹೊರಡಿ.